ಅತ್ತೆ ಕೊನೆಗಿಟ್ಟ ಮಾತು

ನಮ್ಮ ಅತ್ತೆಗೆ ಓದು ಬರಹ ಬರುತ್ತಿರಲಿಲ್ಲ, ಈಜೂ ಬರುತ್ತಿರಲಿಲ್ಲ. ದೋಣಿ ನಡೆಸುವವಳಿಗೆ ಈಜು ಬಾರದು ಎಂದು ಗೊತ್ತಾದರೆ ಹೊಸಬರು ನಡುನೀರಿನಲ್ಲಿ ಮುಖ ಮುಖ ನೋಡಿಕೊಳ್ಳುತ್ತಿದ್ದರು. "ಈಜು ಬರೋರು ದೋಣೀನ ನೆಟ್ಟಗೆ ನೋಡ್ಕೊಳಲ್ಲ ಕಣ್ರೀ" ಎಂದು ಅವಳು ಹುಟ್ಟು ಹಾಕುತ್ತಲೇ ಹೇಳುತ್ತಿದ್ದಳು. ಅವಳು ನನ್ನ ಅಪ್ಪನ ಕಿರಿಯ ತಂಗಿ. ಊರಿಗೆಲ್ಲ ದೋಣಿಯಮ್ಮ. ಮೊದಲು ಆ ದೋಣಿ ನಡೆಸುತ್ತಿದ್ದವನು ಅವಳ ಗಂಡ, ನಮ್ಮ ಮಾವ. ದಮ್ಮು ಹತ್ತಿಕೊಂಡು ಅವನು ಮನೆ ಹಿಡಿದ ಮೇಲೆ ಅತ್ತೆ ಒಂದು ಬೆಳಗ್ಗೆ ಸೆರಗು ಸಿಕ್ಕಿಸಿಕೊಂಡು ದೋಣಿಗೆ ಹತ್ತಿದಳು. ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಮೂಗು ಮುರಿದವರೆಲ್ಲ ಮಾರನೆಯ ದಿನ ಅದೇ ದೋಣಿಯಲ್ಲಿ ಕೂತು ಸಂತೆಗೆ ಹೋದರು.

ನನ್ನ ಹೊಲಿಗೆ ಅಂಗಡಿ ನದಿಯ ದಡದಲ್ಲೇ ಇದೆ. ಕಿಟಕಿಗೆ ಮಿಷನ್ ಹಾಕಿಕೊಂಡು ಕೂತರೆ ಇಡೀ ಹೊಳೆ ಕಣ್ಣೆದುರಿಗೆ. ಈಚೆ ದಡದಲ್ಲಿ ನಮ್ಮ ಊರು ಮತ್ತು ಹೊಲ, ಅಷ್ಟೆ. ಆಸ್ಪತ್ರೆ, ಸಂತೆ, ದೊಡ್ಡ ಶಾಲೆ ಎಲ್ಲ ಆಚೆಗೆ. ಬೆಳಗಿನಿಂದ ಸಂಜೆಯವರೆಗೆ ಅತ್ತೆ ಆಚೆಗೂ ಈಚೆಗೂ ಓಡಾಡುವುದನ್ನು ನಾನು ಬಟ್ಟೆಯ ಅಂಚು ಮಡಚುತ್ತ ನೋಡುತ್ತಿದ್ದೆ. ದೋಣಿ ಹತ್ತುವುದಕ್ಕೆ ಅವಳದ್ದೊಂದು ಕಟ್ಟುನಿಟ್ಟು ಇತ್ತು. ದಡಕ್ಕೆ ಮೊದಲು ಬಂದವರು ಮೊದಲು ಹತ್ತಬೇಕು. ಊರ ಯಜಮಾನರಾದರೂ ಅಷ್ಟೆ, ಕುರಿ ಕಾಯುವವನಾದರೂ ಅಷ್ಟೆ. ಎಲ್ಲರೂ, ಎಲ್ಲರ ಮೂಟೆಗಳೂ ಹತ್ತಿದ ಮೇಲೆ ಜಾಗ ಮಿಕ್ಕರೆ ಅವಳ ಸ್ವಂತದ ಗಂಟು. ಮಿಕ್ಕದಿದ್ದರೆ ಅದು ಮುಂದಿನ ಸಲಕ್ಕೆ.

ಜನರ ಜೊತೆ ಅವರ ಮಾತುಗಳನ್ನೂ ಅವಳೇ ಸಾಗಿಸುತ್ತಿದ್ದಳು. ಫೋನು ಬಂದ ಮೇಲೂ ಆ ಅಭ್ಯಾಸ ಹೋಗಲಿಲ್ಲ. ನಮ್ಮ ದಡದಲ್ಲಿ ಸಿಗ್ನಲ್ ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ. ಅದೂ ಅಲ್ಲದೆ ಫೋನಿನಲ್ಲಿ ಹೇಳಿದ್ದನ್ನು ಜನ ಮರೆಯುತ್ತಾರೆ, ದೋಣಿಯಮ್ಮ ಎದುರಿಗೆ ನಿಂತು ಹೇಳಿದ್ದನ್ನು ಮರೆಯುವುದು ಕಷ್ಟ. ಅವಳು ಒಂದಕ್ಷರ ಆಚೀಚೆ ಮಾಡುತ್ತಿರಲಿಲ್ಲ. ಚಹಾ ಅಂಗಡಿಯವನು ಒಮ್ಮೆ ಆಚೆ ದಡದ ಬಡಗಿಗೆ, "ಆ ದರಿದ್ರದೋನಿಗೆ ಹೇಳು, ಬೆಂಚಿನ ಕಾಲು ಸರಿ ಮಾಡದೆ ಇದ್ರೆ ಅವನ ಕಾಲು ಮುರೀತೀನಿ ಅಂತ" ಎಂದು ಹೇಳಿ ಕಳಿಸಿದ. ಅತ್ತೆ ಹೋಗಿ ಬಡಗಿಯ ಮುಂದೆ ನಿಂತು, ಚಹಾ ಅಂಗಡಿಯವನ ಹಾಗೇ ಸೊಂಟದ ಮೇಲೆ ಕೈ ಇಟ್ಟುಕೊಂಡು, ದರಿದ್ರದೋನು ಸಮೇತ ಒಪ್ಪಿಸಿದಳು. ಇಬ್ಬರಿಗೂ ಬಹಳ ದಿನ ಮಾತು ಬಿಟ್ಟುಹೋಯಿತು. "ಸ್ವಲ್ಪ ತಿದ್ದಿ ಹೇಳಬಾರದಿತ್ತಾ ಅತ್ತೆ?" ಎಂದರೆ, "ಅವರ ಮಾತಿಗೆ ನಾನ್ಯಾಕೆ ಕೈ ಹಾಕ್ಲಿ?" ಎಂದಳು. ಯಾರು ಮೊದಲು ಹೇಳಿದರೋ ಅವರದ್ದನ್ನು ಮೊದಲು ಮುಟ್ಟಿಸುವುದು. ಸಾಲಿನಿಂದ ಒಂದನ್ನು ಎಳೆದರೆ ಹಿಂದಿನದೆಲ್ಲ ಚೆಲ್ಲಿಹೋಗುತ್ತೆ ಎನ್ನುತ್ತಿದ್ದಳು. ಬರೆದಿಟ್ಟುಕೊಳ್ಳಲು ಬಾರದವಳು, ಇನ್ನು ಹೇಗೆ ತಾನೇ ನೆನಪಿಡಬೇಕು?

ಆಚೆ ದಡದಲ್ಲಿ ಅವಳ ಅಕ್ಕ ಇದ್ದಳು, ನನಗೆ ದೊಡ್ಡತ್ತೆ. ಲಕ್ವ ಹೊಡೆದು ಒಂದು ಮಗ್ಗುಲು ಸತ್ತುಹೋಗಿತ್ತು. ಮಗ ಸೊಸೆ ಇಬ್ಬರೂ ಕಲ್ಲು ಕ್ವಾರಿಗೆ ಬೆಳಗ್ಗೆ ಹೋದರೆ ಬರುವುದು ಸಂಜೆ. ಹಾಗಾಗಿ ದಿನಾ ಮಧ್ಯಾಹ್ನ, ಜನ ಕಡಿಮೆಯಾದ ಹೊತ್ತಿನಲ್ಲಿ, ಅತ್ತೆ ದೋಣಿಯನ್ನು ಆ ದಡದಲ್ಲಿ ಕಟ್ಟಿ ಅಕ್ಕನ ಮನೆಗೆ ಹೋಗುತ್ತಿದ್ದಳು. ಅವಳನ್ನು ಎತ್ತಿ ಕೂರಿಸಿ, ಬಿಸಿನೀರಿನಲ್ಲಿ ಬೆನ್ನು ಒರೆಸಿ, ತಲೆ ಬಾಚಿ, ಉಣ್ಣಿಸಿ, ಇನ್ನೊಂದು ಮಗ್ಗುಲಿಗೆ ಮಲಗಿಸಿ ಬರುವುದು. ನಾನೂ ಕೆಲವು ಸಲ ಹೋಗಿದ್ದೇನೆ. ಒಂದೇ ಕೋಣೆ, ಕಿಟಕಿಯ ಪಕ್ಕ ಮಂಚ, ಕಿಟಕಿಯಲ್ಲಿ ಹೊಳೆ. ದೊಡ್ಡತ್ತೆಯ ಬಾಯಿ ಸೊಟ್ಟಗಾಗಿದ್ದರೂ ಬೈಗುಳಕ್ಕೆ ಕೊರತೆ ಇರಲಿಲ್ಲ.

"ಬಂದ್ಯಾ ಮಹಾರಾಣಿ? ಊರಿನ ಜನಾನೆಲ್ಲ ದಾಟಿಸಿ ಆಯ್ತಾ?"

"ಆಯ್ತು. ಇನ್ನು ನಿನ್ನನ್ನ ದಾಟಿಸೋದೊಂದು ಬಾಕಿ."

"ದಾಟಿಸು, ದಾಟಿಸು. ಬಾಚಣಿಗೆ ಮೆತ್ತಗೆ ಎಳಿಯೇ, ಅದು ನನ್ನ ತಲೆ, ಹೊಳೆ ಅಲ್ಲ."

ಹೀಗೆ ಇಬ್ಬರೂ ಕಿತ್ತಾಡುತ್ತಲೇ ಇರುತ್ತಿದ್ದರು. ಆದರೆ ಸೊಸೆ ಮುಟ್ಟಿದರೆ ದೊಡ್ಡತ್ತೆ ಹಲ್ಲು ಬಿಗಿ ಹಿಡಿಯುತ್ತಿದ್ದಳು. ತಂಗಿಯ ಕೈಯೇ ಆಗಬೇಕು. ಈಚೆಗೆ ಬಂದು ಇರು ಎಂದರೆ, "ಈ ಮನೆಯಿಂದ ನಾನು ಹೋದ್ರೆ ಹೆಣವಾಗೇ ಹೋಗೋದು" ಎನ್ನುತ್ತಿದ್ದಳು. ಅತ್ತೆಯಾದರೂ ಅಲ್ಲಿಗೇ ಹೋಗಿ ಇರಲು, ಮನೆಯಲ್ಲಿ ಮಾವನ ದಮ್ಮು. ಆ ದೋಣಿ ಒಂದಿತ್ತು, ಎರಡೂ ನಡೆಯುತ್ತಿತ್ತು.

ಕಚೇರಿಯವರು ಶಾಲೆಯ ಗೋಡೆಗೆ ಕಾಗದ ಅಂಟಿಸಿ ಹೋದದ್ದು ಬೇಸಿಗೆಯ ಕೊನೆಯಲ್ಲಿ. ಮೇಷ್ಟ್ರು ಗಟ್ಟಿಯಾಗಿ ಓದಿದರು. ಕೆಳಗೆ ಬಹಳ ದೂರದಲ್ಲಿ ಸೇತುವೆ ಆಗಿದೆ, ಇನ್ನು ಈ ಚಿಕ್ಕ ದೋಣಿಗಳು ಅಪಾಯ, ಹೊಳೆಯ ಉದ್ದಕ್ಕೂ ಎಲ್ಲವನ್ನೂ ನಿಲ್ಲಿಸುವ ಯೋಚನೆ ಇದೆ, ಊರಿನವರಿಗೆ ಏನಾದರೂ ಹೇಳುವುದಿದ್ದರೆ ಪಟ್ಟಣದ ಸಭೆಗೆ ಬಂದು ಹೇಳಬಹುದು, ಊರಿಗೆ ಒಬ್ಬರು ಮಾತ್ರ. ಯಾರನ್ನು ಕಳಿಸುವುದು ಎಂಬ ಮಾತೇ ಹುಟ್ಟಲಿಲ್ಲ. ಮಾತು ಮುಟ್ಟಿಸುವುದರಲ್ಲಿ ದೋಣಿಯಮ್ಮ ಎತ್ತಿದ ಕೈ, ಅದೂ ಅಲ್ಲದೆ ದೋಣಿ ಅವಳದ್ದು. ಅವಳೇ ಹೋಗಲಿ ಎಂದು ಎಲ್ಲರೂ ಅಂದರು. ನಾನೂ ಅಂದೆ.

ಅಲ್ಲಿಂದ ಶುರುವಾಯಿತು ನೋಡಿ. ಸರ್ಕಾರದವರ ಕಿವಿ ಸಿಗುವುದೇ ಅಪರೂಪ, ಸಿಕ್ಕಾಗ ಬಿಡುವುದುಂಟೇ? ಚಹಾ ಅಂಗಡಿಯವನು ಬಂದು ದಡದಲ್ಲಿ ಒಂದು ದೀಪ ಬೇಕು ಎಂದು ಹೇಳು ಎಂದ. ಮೇಷ್ಟ್ರು ಶಾಲೆಯ ಸೋರುವ ಸೂರಿನ ವಿಷಯ ಕೊಟ್ಟರು, ಅದೂ ಪಾಠ ಮಾಡುವ ಹಾಗೆ ಬಿಡಿಸಿ ಬಿಡಿಸಿ. ಹಾಲಿನ ಡೈರಿಯವನು ಹಾಲಿನ ಕ್ಯಾನು ಉರುಳಿಸುವ ರಸ್ತೆಯ ಗುಂಡಿ. ಊರ ಯಜಮಾನರದ್ದು ಇನ್ನೂ ವಿಚಿತ್ರ. ದೊಡ್ಡ ರಸ್ತೆಯಲ್ಲಿ ನಮ್ಮೂರಿನ ಬೋರ್ಡಿಗೆ ಬಾಣದ ಗುರುತನ್ನು ಉಲ್ಟಾ ಬರೆದಿದ್ದರು. ಅದನ್ನು ನಂಬಿಕೊಂಡು ಹೋದವರು ಸೀದಾ ಕೆಸರು ಗದ್ದೆಗೆ ಇಳಿಯುತ್ತಿದ್ದರು. ಯಜಮಾನರ ಬೀಗರೇ ಹಾಗೆ ಇಳಿದು ಪಂಚೆ ಹಾಳು ಮಾಡಿಕೊಂಡಿದ್ದರಿಂದ ಅವರಿಗೆ ಅದು ಮಾನದ ಪ್ರಶ್ನೆ. ಪ್ರತಿಯೊಬ್ಬರೂ ತಮ್ಮದನ್ನು ಹೇಳಿ, ಏಳುವಾಗ ಒಂದು ಮಾತು ಸೇರಿಸುತ್ತಿದ್ದರು: "ದೋಣಿದಂತೂ ನೀನು ಹೇಳೇ ಹೇಳ್ತೀಯಲ್ಲ."

ಹೊರಡುವ ಹಿಂದಿನ ಸಂಜೆ ನಾನು ಅವಳ ರವಿಕೆಗೆ ಗುಂಡಿ ಹಾಕಿಕೊಡುತ್ತ ಹೇಳಿದೆ.

"ಅತ್ತೆ, ಅಲ್ಲಿ ಹೋದ ತಕ್ಷಣ ದೋಣಿ ಮಾತು ಎತ್ತು. ಉಳಿದಿದ್ದು ಆಮೇಲೆ."

"ಅದು ನನ್ನ ಮಾತು ಕಣೆ. ಜನಾನ ದಡದಲ್ಲಿ ನಿಲ್ಸಿ ನನ್ನ ಗಂಟು ಮೊದಲು ಹತ್ತಿಸ್ಲಾ?"

"ಅದು ನಿನ್ನೊಬ್ಬಳದ್ದು ಹೇಗಾಗುತ್ತೆ? ಊರಿಗೆಲ್ಲ ಬೇಕಾಗಿದ್ದು."

"ಊರೋರು ಯಾರೂ ಅದನ್ನ ನನ್ನ ಕೈಗೆ ಕೊಟ್ಟಿಲ್ವಲ್ಲ. ಅವರು ಕೊಟ್ಟಿದ್ದು ಬೇರೆ. ಇದನ್ನ ನಾನು ಹೇಳ್ತೀನಿ, ಹೇಳ್ದೆ ಇರ್ತೀನಾ? ಕೊನೇಲಿ ಹೇಳ್ತೀನಿ."

ತನ್ನ ಮಾತನ್ನು ಅವಳು ಆಗಲೇ ಕಟ್ಟಿಟ್ಟುಕೊಂಡಿದ್ದಳು. ಹುಟ್ಟು ಹಾಕುವಾಗ ಒಬ್ಬಳೇ ಹೇಳಿಕೊಳ್ಳುವುದನ್ನು ನಾನು ಕೇಳಿದ್ದೆ. ಆ ದಡದಲ್ಲಿ ನನ್ನ ಅಕ್ಕ ಇದ್ದಾಳೆ. ದಿನಾ ಹೋಗಿ ಅವಳನ್ನ ಎತ್ತಿ ಕೂರಿಸ್ಬೇಕು. ದೋಣಿ ನಿಲ್ಲಿಸ್ಬೇಡಿ. ಇಷ್ಟೇ. ಇದಕ್ಕಿಂತ ಉದ್ದವಾಗಿದ್ದರೆ ಬಹುಶಃ ಮೊದಲೇ ಹೇಳಿಬಿಡುತ್ತಿದ್ದಳೋ ಏನೋ. ಚಿಕ್ಕದು, ಎಲ್ಲಾದರೂ ಒಂದು ಮೂಲೆಯಲ್ಲಿ ಹಿಡಿಸುತ್ತದೆ ಎಂದುಕೊಂಡಳು.

ಮಾತಾಡುವುದು ಅವಳೊಬ್ಬಳೇ ಆದರೂ ಜೊತೆಗೆ ನಾನೂ ಹೋದೆ. ಪಟ್ಟಣದ ಸಭಾಂಗಣ ನಮ್ಮ ಕಣ್ಣಿಗೆ ಮದುವೆ ಛತ್ರದ ಹಾಗೆ ಕಂಡಿತು. ಎತ್ತರದ ವೇದಿಕೆ, ಹಸಿರು ಬಟ್ಟೆ ಹೊದಿಸಿದ ಉದ್ದ ಮೇಜು, ಮೇಜಿನ ಮೇಲೆ ನೀರಿನ ಬಾಟಲಿಗಳು, ಒಂದು ಕೈಗಂಟೆ. ಕೆಳಗೆ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಹೊಳೆ ಬದಿಯ ಅಷ್ಟೂ ಊರುಗಳ ಜನ. ಒಬ್ಬೊಬ್ಬರಿಗೂ ಇಷ್ಟೇ ಹೊತ್ತು, ಗಂಟೆ ಬಾರಿಸಿದರೆ ಮುಗಿಸಬೇಕು ಎಂದು ಮೊದಲೇ ಹೇಳಿದರು. ನಾನು ಅತ್ತೆಯ ಕೈ ಹಿಸುಕಿದೆ. ಅವಳು ತಲೆಯಾಡಿಸಿದಳು. ಗೊತ್ತಾಯಿತು ಎಂದೇ ನಾನು ತಿಳಿದೆ.

ನಮ್ಮ ಊರನ್ನು ಕರೆದರು. ಅತ್ತೆ ಮೈಕಿನ ಮುಂದೆ ನಿಂತು ಎಲ್ಲರಿಗೂ ಕೈಮುಗಿದು ಶುರು ಮಾಡಿದಳು. "ಚಹಾ ಅಂಗಡಿಯವರು ಹೇಳಿ ಕಳಿಸಿದ್ದಾರೆ ಸ್ವಾಮಿ." ಸೊಂಟದ ಮೇಲೆ ಕೈ ಹೋಯಿತು. ಚಹಾ ಅಂಗಡಿಯವನ ಗಂಟಲೇ ಬಂತು. ಕತ್ತಲಲ್ಲಿ ಇಳಿಯುವಾಗ ಯಾರ್ಯಾರು ಜಾರಿ ಬಿದ್ದಿದ್ದಾರೆ ಎನ್ನುವುದನ್ನು ಅವನು ಹೇಳಿದ ಹಾಗೇ ಹೇಳಿದಳು. ಜನ ನಕ್ಕರು. ವೇದಿಕೆಯಲ್ಲಿದ್ದ ಅಧಿಕಾರಿಯೂ ಮುಗುಳ್ನಕ್ಕರು. ಆಮೇಲೆ ಮೇಷ್ಟ್ರ ಸೂರು ಬಂತು, ಬಿಡಿಸಿ ಬಿಡಿಸಿ. ಡೈರಿಯವನ ಗುಂಡಿ ಬರುವ ಹೊತ್ತಿಗೆ ಗಂಟೆ ಬಾರಿಸಿದರು.

"ಇನ್ನೂ ಇದೆ ಸ್ವಾಮಿ."

"ಬೇಗ ಮುಗಿಸಿ ಅಮ್ಮ."

ನಾನು ಕುರ್ಚಿಯಿಂದ ಅರ್ಧ ಎದ್ದು "ದೋಣಿ, ದೋಣಿ" ಎಂದೆ. ಅವಳು ನನ್ನ ಕಡೆ ನೋಡಿ, ಸ್ವಲ್ಪ ಇರು ಎನ್ನುವ ಹಾಗೆ ಕೈ ಮಾಡಿದಳು. ಮತ್ತೆ ಯಜಮಾನರ ಬಾಣದ ಗುರುತು ಹಿಡಿದಳು. ಬೀಗರ ಪಂಚೆಯನ್ನೂ ಬಿಡಲಿಲ್ಲ. ಪಂಚೆ ಕೆಸರಿನಿಂದ ಮೇಲೆ ಬರುವಷ್ಟರಲ್ಲಿ ಇನ್ನೊಂದು ಸಲ ಗಂಟೆ ಆಯಿತು, ಮೈಕಿನವನು ಬಂದು ಮೈಕು ತೆಗೆದುಕೊಂಡ.

"ಚೆನ್ನಾಗಿ ಹೇಳಿದ್ರಿ ಅಮ್ಮ. ಎಲ್ಲ ಬರ್ಕೊಂಡಿದ್ದೀವಿ. ಮುಂದಿನ ಊರು" ಎಂದರು ಅಧಿಕಾರಿ.

ಅತ್ತೆ ಅಲ್ಲೇ ನಿಂತಿದ್ದಳು. ಬಾಯಿ ತೆರೆದೇ ಇತ್ತು. ನಾನು ಎದ್ದು, ದೋಣಿ ವಿಷಯ ಹೇಳಿಲ್ಲ ಸಾರ್, ಅದಕ್ಕೇ ಬಂದಿರೋದು ಎಂದು ಕೂಗಿದೆ. ಊರಿಗೆ ಒಬ್ಬರೇ ಎಂದು ಯಾರೋ ನನ್ನನ್ನು ಕೂರಿಸಿದರು. ಸಭೆ ಮುಗಿದ ಮೇಲೆ ಮೇಜಿನ ಹತ್ತಿರ ಹೋದರೆ ಅಧಿಕಾರಿಯ ಕಾರು ಹೊರಟುಹೋಗಿತ್ತು. ಕಾಗದ ಜೋಡಿಸುತ್ತಿದ್ದವನು ಕತ್ತೆತ್ತದೆ, "ಸಭೇಲಿ ಹೇಳಿದ್ದು ಮಾತ್ರ ಲೆಕ್ಕಕ್ಕೆ ಬರೋದು" ಎಂದ. ಅವರ್ಯಾರೂ ಕೆಟ್ಟವರಲ್ಲ ಎಂದು ಆಮೇಲೆ ಮೇಷ್ಟ್ರು ನನಗೆ ಸಮಾಧಾನ ಹೇಳಿದರು. ಇರಬಹುದು. ಒಬ್ಬ ಹೆಂಗಸು ಬಾಯಿ ತೆರೆದುಕೊಂಡು ನಿಂತಿದ್ದಾಳೆ, ಇನ್ನೂ ಏನೋ ಉಳಿದಿದೆ ಎಂದು ತಿಳಿಯಲು ಒಳ್ಳೆಯವರಾಗಿದ್ದರೆ ಸಾಲದು, ಕತ್ತೆತ್ತಿ ನೋಡಬೇಕು.

ಸಂಜೆ ದೋಣಿ ದಡ ಸೇರಿದಾಗ ಊರೇ ಬಂದು ನಿಂತಿತ್ತು. ಅತ್ತೆ ದೋಣಿ ಕಟ್ಟಿ, ಒಬ್ಬೊಬ್ಬರ ಮುಂದೆ ಹೋಗಿ, ನಿಮ್ಮದು ಮುಟ್ಟಿಸ್ದೆ, ನಿಮ್ಮದು ಮುಟ್ಟಿಸ್ದೆ ಎಂದು ಹೇಳಿದಳು. ದೋಣಿದು ಏನಾಯ್ತು ಎಂದು ಕೇಳಿದಾಗ ತಲೆ ತಗ್ಗಿಸಿ, "ಅದೊಂದು ಹೇಳೋಕಾಗ್ಲಿಲ್ಲ" ಎಂದಳು.

"ಅಯ್ಯೋ ಪುಣ್ಯಾತ್ಗಿತ್ತಿ, ನಿನ್ನ ಕಳ್ಸಿದ್ದೇ ಅದಕ್ಕಲ್ವಾ?" ಎಂದ ಚಹಾ ಅಂಗಡಿಯವನು.

ನನಗೆ ಮೈ ಉರಿದುಹೋಯಿತು. "ಅದಕ್ಕೇ ಕಳ್ಸಿದ್ದಾದ್ರೆ ಅದನ್ನೇ ಹೇಳಿ ಕಳ್ಸಬೇಕಿತ್ತು. ನಿನ್ನ ದೀಪ ಒಂದು ದಿನ ಸುಮ್ಮನಿದ್ದಿದ್ರೆ ಏನು ಮುಳುಗಿ ಹೋಗ್ತಿತ್ತು?" ಎಂದು ಮುಖಕ್ಕೆ ಹೊಡೆದ ಹಾಗೆ ಕೇಳಿಬಿಟ್ಟೆ. ಅತ್ತೆ ನನ್ನ ತೋಳು ಹಿಡಿದು, "ಬಿಡೇ, ಅವರದ್ದೇನು ತಪ್ಪು" ಎಂದು ಮನೆಗೆ ಎಳೆದುಕೊಂಡು ಹೋದಳು.

ಕೇಳಿದ್ದೆಲ್ಲ ಸಿಕ್ಕಿತು. ಇದನ್ನು ಯಾರೂ ನಂಬುವುದಿಲ್ಲ, ಆದರೆ ಸಿಕ್ಕಿತು. ಸೂರಿಗೆ ಹೊಸ ಹೆಂಚು ಬಂತು, ಗುಂಡಿ ಮುಚ್ಚಿದರು, ಬಾಣವನ್ನು ತಿರುಗಿಸಿದರು, ದಡದಲ್ಲಿ ಎತ್ತರದ ಕಂಬ ನೆಟ್ಟು ದೀಪ ಹಾಕಿದರು. ಅದೇ ವಾರ ಆಳುಗಳು ಬಂದು ದೋಣಿಯನ್ನು ಮೇಲಕ್ಕೆಳೆದು, ಬೋರಲು ಹಾಕಿ, ಮರಕ್ಕೆ ಸರಪಳಿ ಬಿಗಿದು ಹೋದರು. ಈ ಊರಿನವರು ದೋಣಿ ನಿಲ್ಲಿಸುವುದಕ್ಕೆ ಯಾವ ಆಕ್ಷೇಪವನ್ನೂ ಹೇಳಿಲ್ಲ ಎಂದು ಆದೇಶದಲ್ಲಿ ಬರೆದಿತ್ತಂತೆ. ಅಲ್ಲಿ ಬರೆದದ್ದು ಸುಳ್ಳಲ್ಲ ಎನ್ನುವುದೇ ನನ್ನನ್ನು ಹೆಚ್ಚು ಉರಿಸಿತು.

ದೋಣಿಯ ಬದಲು ಬಸ್ಸು ಬಿಟ್ಟರು. ಬೆಳಗ್ಗೆ ಹೋಗಿ, ಸೇತುವೆ ಬಳಸಿ, ಊರೂರು ಸುತ್ತಿ ಆಚೆ ದಡ ಮುಟ್ಟಿಸುತ್ತದೆ; ವಾಪಸ್ಸು ಬರುವುದು ದೀಪ ಹಚ್ಚುವ ಹೊತ್ತಿಗೆ. ಅತ್ತೆ ಅಕ್ಕನನ್ನು ನೋಡಬೇಕಾದರೆ ಮಾವನನ್ನು ಇಡೀ ದಿನ ಬಿಟ್ಟು ಹೋಗಬೇಕು. ಅವನ ಉಸಿರು ಸರಿಯಿದ್ದ ದಿನ ಹೋಗುತ್ತಿದ್ದಳು, ಇಲ್ಲದ ದಿನ ದಡಕ್ಕೆ ಬಂದು ನಿಲ್ಲುತ್ತಿದ್ದಳು. ಎದುರಿಗೇ ಅಕ್ಕನ ಮನೆ. ಬಾಗಿಲು ತೆರೆದಿದೆಯೋ ಮುಚ್ಚಿದೆಯೋ ಎಂದೂ ಕಾಣುತ್ತದೆ. ನಾನು ಮಿಷನ್ ನಿಲ್ಲಿಸಿ, "ಬಾ ಅತ್ತೆ, ಒಳಗೆ ಕೂತ್ಕೋ" ಎಂದು ಕರೆಯುತ್ತಿದ್ದೆ. "ಇವತ್ತು ಯಾವ ಮಗ್ಗುಲಿಗೆ ಮಲಗಿಸಿ ಹೋಗಿದ್ದಾರೋ" ಎನ್ನುತ್ತಿದ್ದಳು.

ಮಳೆ ನಿಂತ ಮೇಲೆ ಒಂದು ದಿನ, ಬಸ್ಸು ಹೋಗಿ ಬಹಳ ಹೊತ್ತಾಗಿತ್ತು. ಕಿಟಕಿಯಲ್ಲಿ ನೋಡುತ್ತೇನೆ, ಆಚೆ ಮನೆಯ ಅಂಗಳದಲ್ಲಿ ಜನ ಸೇರುತ್ತಿದ್ದಾರೆ. ದೊಡ್ಡತ್ತೆಯ ಮಗ ನೀರಿನ ಅಂಚಿಗೆ ಬಂದು ಬಾಯಿಗೆ ಕೈ ಅಡ್ಡ ಹಿಡಿದು ಕೂಗುತ್ತಿದ್ದಾನೆ. ಅತ್ತೆ ಈಚೆ ದಡದಲ್ಲಿ ಪಾದ ಮುಳುಗುವವರೆಗೆ ಇಳಿದು ನಿಂತಿದ್ದಳು. ಗಾಳಿ ನಮ್ಮ ಕಡೆಯಿಂದ ಬೀಸುತ್ತಿತ್ತು, ಅವನ ಮಾತು ಒಂದೂ ಬರಲಿಲ್ಲ.

"ಏನಂತೆ? ನಿನಗೇನಾದ್ರೂ ಕೇಳ್ತಾ?" ಎಂದು ನನ್ನನ್ನು ಕೇಳಿದಳು. ಅವಳಿಗೂ ಗೊತ್ತಾಗಿತ್ತು, ನನಗೂ ಗೊತ್ತಾಗಿತ್ತು. ನಾನು ಇಲ್ಲ ಎಂದೆ.

ಡೈರಿಯವನು ಕ್ಯಾನುಗಳನ್ನು ಅಲ್ಲೇ ಇಳಿಸಿ ಬೈಕಿನಲ್ಲಿ ಅವಳನ್ನು ಕೂರಿಸಿಕೊಂಡು ಸೇತುವೆ ಬಳಸಿ ಹೋದ. ಅವಳು ಮುಟ್ಟುವವರೆಗೆ ಅವರು ಹೆಣ ಎತ್ತದೆ ಕಾದಿದ್ದರಂತೆ, ಅಷ್ಟು ಉಪಕಾರ ಮಾಡಿದರು. ಕೊನೆಯ ದಿನಗಳಲ್ಲಿ ದೊಡ್ಡತ್ತೆ ಕಿಟಕಿಯ ಕಡೆ ನೋಡಿ ಬೈಯುವುದನ್ನೂ ಬಿಟ್ಟು, "ಬಂದ್ಲಾ?" ಎಂದಷ್ಟೇ ಕೇಳುತ್ತಿದ್ದಳೆಂದು ಸೊಸೆ ಹೇಳಿದಳಂತೆ. ಅತ್ತೆ ವಾಪಸ್ಸು ಬಂದು ನನ್ನ ಅಂಗಡಿಯ ಮೆಟ್ಟಿಲ ಮೇಲೆ ಕೂತು ಒಂದೇ ಮಾತು ಹೇಳಿದಳು.

"ಬೆನ್ನೆಲ್ಲ ಹುಣ್ಣಾಗಿತ್ತು ಕಣೆ. ದಿನಾ ಮಗ್ಗುಲು ಬದಲಾಯಿಸಿದ್ರೆ ಆಗ್ತಿರ್ಲಿಲ್ಲ."

ನಾನು ಅವಳನ್ನು ತಬ್ಬಿಕೊಂಡು ಅತ್ತುಬಿಟ್ಟೆ. ಅವಳು ಅಳಲಿಲ್ಲ. ಆಮೇಲೆ ಯಾರಾದರೂ, ಬಸ್ಸಿನಲ್ಲಿ ಹೋಗುವಾಗ ಇಂಥವರಿಗೆ ಇಂಥ ಮಾತು ಹೇಳು ದೋಣಿಯಮ್ಮ ಎಂದರೆ, "ನನ್ನ ಕೈಲಿ ಕೊಡ್ಬೇಡಿ" ಎನ್ನುತ್ತಿದ್ದಳು. ಮಾತೂ ಕಡಿಮೆಯಾಯಿತು. ಮಾವನ ಹತ್ತಿರ ಕೂಡ ಬೇಕಾದಷ್ಟೇ.

ಹೊಳೆ ಬದಿಯ ಊರುಗಳೆಲ್ಲ ಗಲಾಟೆ ಮಾಡಿದ್ದಕ್ಕೆ ಮುಂದಿನ ವರ್ಷ ಹೊಸ ಅಧಿಕಾರಿಯೊಬ್ಬರು ತಾವೇ ಊರೂರಿಗೆ ಬಂದರು. ಹೆಂಗಸು, ವಯಸ್ಸು ನನ್ನಷ್ಟೇ ಇರಬೇಕು. ಮೇಜು ಬೇಡ ಎಂದು ಶಾಲೆಯಲ್ಲಿ ಮಕ್ಕಳ ಬೆಂಚಿನ ಮೇಲೆ ಕೂತರು. ನಮ್ಮವರು ಅಷ್ಟು ಹೊತ್ತಿಗೆ ಬುದ್ಧಿ ಕಲಿತಿದ್ದರು. ಚಹಾ ಅಂಗಡಿಯವನು, ಡೈರಿಯವನು, ಮೇಷ್ಟ್ರು, ಯಜಮಾನರು, ಒಬ್ಬರಾದ ಮೇಲೆ ಒಬ್ಬರು ಎದ್ದು ದೋಣಿ ಬೇಕು ಎಂದರು, ಬೇರೆ ಏನನ್ನೂ ಕೇಳಲಿಲ್ಲ. ಅತ್ತೆ ನನ್ನ ಪಕ್ಕದಲ್ಲಿ ಸುಮ್ಮನೆ ಕೂತಿದ್ದಳು. ನಾನೇ ಬಲವಂತ ಮಾಡಿ ಕರೆತಂದಿದ್ದೆ.

ಕೊನೆಗೆ ಆ ಅಧಿಕಾರಿ ಅವಳ ಕಡೆ ತಿರುಗಿದರು. "ದೋಣಿ ನಡೆಸ್ತಿದ್ದವರು ನೀವೇ ಅಲ್ವಾ ಅಮ್ಮ? ನಿಮ್ಮದು ಹೇಳಿ. ಎಷ್ಟು ಹೊತ್ತಾದ್ರೂ ಪರವಾಗಿಲ್ಲ, ನಾನು ಕೇಳ್ತೀನಿ."

ಅತ್ತೆ ಎದ್ದು, ಸೆರಗು ಸರಿಮಾಡಿಕೊಂಡು, ಕೈ ಮುಗಿದು, ಒಂದಕ್ಷರ ಆಚೀಚೆ ಆಗದ ಹಾಗೆ ಹೇಳಿದಳು.

"ಆ ದಡದಲ್ಲಿ ನನ್ನ ಅಕ್ಕ ಇದ್ದಾಳೆ. ದಿನಾ ಹೋಗಿ ಅವಳನ್ನ ಎತ್ತಿ ಕೂರಿಸ್ಬೇಕು. ದೋಣಿ ನಿಲ್ಲಿಸ್ಬೇಡಿ."

ಚಹಾ ಅಂಗಡಿಯವನು ಗೋಡೆಯ ಕಡೆ ಮುಖ ತಿರುಗಿಸಿಕೊಂಡ. ಆ ಅಧಿಕಾರಿಗೆ ಪಾಪ ಏನು ಗೊತ್ತು? ಬೆಂಚಿನಿಂದ ಮುಂದಕ್ಕೆ ಬಾಗಿ, ನಿಜವಾದ ಕಾಳಜಿಯಿಂದಲೇ ಕೇಳಿದರು.

"ನಿಮ್ಮ ಅಕ್ಕ ಈಗ ಹೇಗಿದ್ದಾರೆ ಅಮ್ಮ?"

"ಇಲ್ಲ ತಾಯಿ, ಹೋಗಿಬಿಟ್ಲು" ಎಂದಳು ಅತ್ತೆ. "ಇದು ಅವತ್ತಿನ ಮಾತು. ನಿಮ್ಮೋರ ಹತ್ರ ಹೇಳೋದು ಉಳ್ಕೊಂಡಿತ್ತು."